ಏಳು ಮಡುವಿನ ಸೀಮೆಯನ್ನು ಸಿನಿಮಾ ಮಾಡಲು ಹೋದ ವರ್ಷ

ಹೋದ ತಿಂಗಳು ಅಕ್ಕನ ಮಗಳ ಬಾಣಂತನಕ್ಕೆ ಮೆತ್ತನೆಯ ಬಟ್ಟೆ ಬೇಕೆಂದು ಬದನವಾಳಿಗೆ ಹೋಗಿದ್ದೆ. ಖಾದಿ ಕೇಂದ್ರದ ಹಿಂದಿನ ಅಂಗಳದಲ್ಲಿ ಹೆಂಗಸರಿಬ್ಬರು ನೂಲಿಗೆ ಗಂಜಿ ಹಾಕುತ್ತಿದ್ದರು. ಬಿಸಿ ಗಂಜಿ ಮತ್ತು ಹಸಿ ಹತ್ತಿಯ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಬಟ್ಟೆ ಕೊಳ್ಳದೆ ಹೊರಗೆ ಬಂದು ಬೇವಿನ ಮರದ ಕಟ್ಟೆಯ ಮೇಲೆ ಕೂತೆ. ಒಳಗಿನಿಂದ ಒಬ್ಬಾಕೆ ಬಂದು ನೀರು ಬೇಕಾ ಅಂತ ವಿಚಾರಿಸಿದಳು. ಬಿಸಿಲಿಗೆ ಒಂಥರಾ ಆಯ್ತು ಅಂದೆ.

ನಾಲ್ಕು ವರ್ಷದ ಹಿಂದೆ ಇದೇ ಅಂಗಳದಿಂದ ಒರಟು ಖಾದಿ ಕೊಂಡುಹೋಗಿ, ಇಂಥದೇ ಗಂಜಿಯಲ್ಲಿ ಅದ್ದಿ, ಮೇಲೆ ಬೆಳ್ಳಿ ಬಣ್ಣ ಬಳಿದು ನಾವು ಯುದ್ಧದ ಕವಚ ಮಾಡಿದ್ದೆವು. ನಾವು ಅಂದರೆ ನಾಲ್ಕು ಜನ. ಎಲ್ಲರೂ ನಲವತ್ತು ದಾಟಿದವರು, ಒಬ್ಬರಿಗೂ ಸಿನಿಮಾದ ಗಂಧಗಾಳಿ ಇರಲಿಲ್ಲ. ಮೇಜಿನ ಸುತ್ತ ಕೂತು ಆಡುತ್ತಿದ್ದ ನಮ್ಮದೇ ಒಂದು ಆಟವನ್ನು ಸಿನಿಮಾ ಮಾಡಲು ಹೊರಟಿದ್ದೆವು. ಆ ಆಟ ಪೂರ್ತಿ ಇದ್ದದ್ದು ಸ್ವಾಮಣ್ಣ ಎಂಬ ಒಬ್ಬರ ದನಿಯಲ್ಲಿ. ಆ ವರ್ಷ ಮುಗಿಯುವುದರೊಳಗೆ ಅವರ ದನಿ ಹೋಯಿತು. ನಮ್ಮ ಸಿನಿಮಾದಲ್ಲಿ ಅದು ಉಳಿಯದ ಹಾಗೆ ಮಾಡಿದವಳು ನಾನು. ಬೇಕೆಂದು ಮಾಡಲಿಲ್ಲ, ಆದರೆ ಮಾಡಿದವಳು ನಾನೇ. ಇದನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ಬರೆಯಲು ನನಗೆ ಸ್ವಲ್ಪ ಧೈರ್ಯ ಬರುತ್ತದೆ.

ನಾನು ತಿ. ನರಸೀಪುರದ ಸರ್ವೆ ಆಫೀಸಿನಲ್ಲಿ ಭೂಮಾಪಕಿ. ಮನೆ ನಂಜನಗೂಡು. ಇಪ್ಪತ್ತು ವರ್ಷದಿಂದ ಅಳತೆಯ ಚೈನು ಹಿಡಿಸಿಕೊಂಡು ಹೊಲದ ಬದುಗಳ ಮೇಲೆ ನಡೆದಿದ್ದೇನೆ. ಒಂದು ಗೇಣು ನೆಲಕ್ಕೆ ಅಣ್ಣತಮ್ಮಂದಿರು ಕುಡುಗೋಲು ಎತ್ತಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಅಂಥ ಕಡೆ ‘ಇರಲಿ ಬಿಡಿ’ ಅನ್ನುವವರಿಂದ ಕೆಲಸ ಕೆಡುತ್ತದೆ. ಕಲ್ಲು ಎಲ್ಲಿ ನೆಟ್ಟಿದೆಯೋ ಅಲ್ಲೇ ಗಡಿ. ಮನೆಯಲ್ಲೂ ನಾನು ಹೀಗೇ ಅಂತ ಗಂಡನ ದೂರು. ಅನ್ನಕ್ಕೆ ಇಡುವ ನೀರನ್ನೂ ಇವಳು ಅಳತೆ ಪುಸ್ತಕದಲ್ಲಿ ಬರೆದಿಡುತ್ತಾಳೆ ಅಂತ ಬಂದವರ ಮುಂದೆಲ್ಲ ಆಡಿಕೊಳ್ಳುತ್ತಾರೆ. ಆ ಸ್ವಭಾವ ನನಗೆ ಅನ್ನ ಕೊಟ್ಟಿದೆ, ಅದಕ್ಕೆ ನಾಚಿಕೆಪಟ್ಟವಳಲ್ಲ. ಆ ವರ್ಷದ ತನಕ.

ಸ್ವಾಮಣ್ಣ ನರಸೀಪುರದ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದರು. ಸಂಜೆ ಆಫೀಸು ಬಿಟ್ಟು ನಂಜನಗೂಡಿನ ಬಸ್ಸಿಗೆ ಕಾಯುವಾಗ ಮೈಕಿನಲ್ಲಿ ಅವರ ದನಿ ಕೇಳುತ್ತಿದ್ದೆ. ಬಸ್ಸಿನ ಹೆಸರು ಹೇಳಿ ಸುಮ್ಮನಾಗುವ ಮನುಷ್ಯ ಅವರಲ್ಲ. “ನಂಜನಗೂಡು ಕಡೆ ಹೋಗೋರು ಹತ್ಕಳಿ, ಮುಂದಿನ್ ಬಸ್ಸು ಇನ್ನೂ ಹುಟ್ಟಿಲ್ಲ” ಅನ್ನುತ್ತಿದ್ದರು. ಬನ್ನೂರಿನ ಬಸ್ಸು ಕೆಟ್ಟು ನಿಂತರೆ, ಅದು ಎಲ್ಲಿ ನಿಂತಿದೆ, ಡ್ರೈವರು ಯಾವ ಮರದ ಕೆಳಗೆ ಕೂತಿದ್ದಾನೆ, ಒಳಗಿರುವ ಮದುವೆ ದಿಬ್ಬಣದವರು ಹೇಗೆ ಮುಖ ಊದಿಸಿಕೊಂಡಿದ್ದಾರೆ ಅಂತ ಕಣ್ಣಿಗೆ ಕಟ್ಟಿದ ಹಾಗೆ ಹೇಳುತ್ತಿದ್ದರು. ಬಸ್ಸು ತಪ್ಪಿಸಿಕೊಂಡವರೂ ನಗುತ್ತಿದ್ದರು. ಭಾರಿ ದನಿಯೇನಲ್ಲ, ತುಸು ಒಡಕು, ಎಲೆಅಡಿಕೆ ಕಡ್ಡಿಪುಡಿಯಲ್ಲಿ ನೆನೆದದ್ದು. ಆದರೆ ಅದು ಶುರುವಾದರೆ ಜನ ತಿರುಗಿ ನೋಡುತ್ತಿದ್ದರು.

ಆಟ ನಮ್ಮ ಕೈಗೆ ಬಂದದ್ದು ರಾಚಪ್ಪನಿಂದ. ರಾಚಪ್ಪ ನಂಜನಗೂಡಿನಲ್ಲಿ ಫೋಟೋ ಸ್ಟುಡಿಯೋ ಇಟ್ಟವನು, ಮದುವೆ ವಿಡಿಯೋ ಅವನ ಜೀವನ. ಮೈಸೂರಿನ ಫುಟ್‌ಪಾತಿನಲ್ಲಿ ಹಳೆಯ ಪುಸ್ತಕಗಳ ನಡುವೆ ರಾಕ್ಷಸ, ರೆಕ್ಕೆಯ ಹಾವು, ಕತ್ತಿ ಹಿಡಿದ ಹೆಂಗಸು ಇದ್ದ ದಪ್ಪ ಇಂಗ್ಲಿಷ್ ಪುಸ್ತಕವೊಂದು ಸಿಕ್ಕಿತಂತೆ. ಆಲ್ಬಂ ಹೊದಿಕೆಗೆ ಡಿಸೈನು ಸಿಗುತ್ತದೆ ಅಂತ ತಂದ. ಓದಲು ಆಗದೆ ನನಗೆ ಕೊಟ್ಟ. ನಾನು ನಿಘಂಟು ಇಟ್ಟುಕೊಂಡು ಎರಡು ತಿಂಗಳು ಓದಿ, ಅದು ಕಥೆ ಪುಸ್ತಕವಲ್ಲ, ಆಟದ ನಿಯಮ ಅಂತ ಪತ್ತೆ ಮಾಡಿದೆ. ಒಬ್ಬರು ಒಂದು ಲೋಕವನ್ನು ಹೇಳುತ್ತಾ ಹೋಗಬೇಕು. ಉಳಿದವರು ಒಂದೊಂದು ಪಾತ್ರ ಹಿಡಿದು, ಆ ಲೋಕದಲ್ಲಿ ತಾವು ಏನು ಮಾಡುತ್ತೇವೆ ಅಂತ ಹೇಳಬೇಕು. ಅದು ಗೆಲ್ಲುತ್ತದೋ ಸೋಲುತ್ತದೋ ಅನ್ನುವುದನ್ನು ಇಪ್ಪತ್ತು ಮುಖದ ದಾಳವೊಂದು ತೀರ್ಮಾನ ಮಾಡುತ್ತದೆ. ಅಷ್ಟೇ. ಹೇಳುವವರು ಯಾರು ಅಂತ ಬಂದಾಗ ನನಗೆ ಬಸ್ ನಿಲ್ದಾಣದ ಮೈಕು ನೆನಪಾಯಿತು.

ಹೀಗೆ ಭಾನುವಾರ ಮಧ್ಯಾಹ್ನ ಸ್ಟುಡಿಯೋದ ಮಹಡಿಯಲ್ಲಿ ನಾವು ಕೂರತೊಡಗಿದೆವು. ಹದಿನಾರು ಎಂಬ ಊರಿನ ಮಾದೇಶ ಪಾಸ್‌ಪೋರ್ಟ್ ಫೋಟೋಕ್ಕೆ ಬಂದವನು, ಹತ್ತು ನಿಮಿಷ ನಿಂತು ಕೇಳಿದ, ಮುಂದಿನ ವಾರ ಬಾಳೆಗೊನೆ ಹಿಡಿದುಕೊಂಡು ಬಂದ, ಆಮೇಲೆ ತಪ್ಪಿಸಲೇ ಇಲ್ಲ. ಬಾಳೆ ಬೆಳೆಯುವವನು, ಎತ್ತರದ ಆಳು. ಅವನದು ಕೆಂಚರಾಯ ಎಂಬ ವೀರನ ಪಾತ್ರ. ರಾಚಪ್ಪ ಕಳ್ಳ. ನಾನು ಮಾಟಗಾತಿ, ಮಂತ್ರ ಹಾಕುವ ಮೊದಲು ದೂರ ಅಳೆಯುವ ಮಾಟಗಾತಿ ಅಂತ ಮಾದೇಶ ರೇಗಿಸುತ್ತಿದ್ದ. ಪುಸ್ತಕದ ಹಿಮ, ಕೋಟೆ ಇವೆಲ್ಲ ಸ್ವಾಮಣ್ಣನ ಬಾಯಿಗೆ ಒಗ್ಗಲಿಲ್ಲ. ಅವರು ತಮ್ಮದೇ ಒಂದು ಸೀಮೆ ಕಟ್ಟಿದರು. ಒಂದು ಹೊಳೆ, ಅದರಲ್ಲಿ ಏಳು ಮಡು. ಮೊದಲನೆಯ ಮಡುವನ್ನು ದಾಟಿಸುವ ಮುದುಕಿ ಸುಂಕಕ್ಕೆ ಒಂದು ನೆನಪು ಕೇಳುತ್ತಾಳೆ, ಕೊಟ್ಟರೆ ಅದು ನಮ್ಮ ತಲೆಯಿಂದ ಹೋಗಿಬಿಡುತ್ತದೆ. ಮೂರನೆಯದರ ಮೊಸಳೆ ಸುಳ್ಳು ಹೇಳಿದವರನ್ನು ಮಾತ್ರ ತಿನ್ನುತ್ತದೆ. ಏಳನೆಯದರ ತಳದಲ್ಲಿ ಮುಳುಗಿದ ಊರಿದೆ. ಇದೆಲ್ಲದರ ನಕ್ಷೆ ಬರೆದವಳು ನಾನು, ಗ್ರಾಮ ನಕ್ಷೆಯ ಹಾಗೆ, ಮಡುಮಡುವಿಗೆ ಸರ್ವೆ ನಂಬರು ಕೊಟ್ಟು. ನಕ್ಷೆಯಲ್ಲಿ ಬರೀ ಗೆರೆ ಇತ್ತು. ಸೀಮೆ ಇದ್ದದ್ದು ಸ್ವಾಮಣ್ಣ ಬಾಯಿ ತೆರೆದಾಗ ಮಾತ್ರ.

ಅವರಲ್ಲಿ ಒಂದು ದೋಷವಿತ್ತು. ಯಾರನ್ನೂ ಸಾಯಲು ಬಿಡುತ್ತಿರಲಿಲ್ಲ. ದಾಳ ಇನ್ನೂ ಉರುಳುತ್ತಿರುವಾಗಲೇ ಹೇಳಲು ಶುರು ಮಾಡಿ, ಬೀಳಬೇಕಾದವನಿಗೆ ಕೊಂಬೆಯೋ ಕಲ್ಲೋ ಸಿಕ್ಕಿತು ಅಂತ ಪಾರು ಮಾಡಿಬಿಡುತ್ತಿದ್ದರು. ಆಮೇಲೆ ದಾಳ ಏನು ತೋರಿಸಿದರೂ ಆಗಿದ್ದು ಆಗಿಹೋಗಿರುತ್ತಿತ್ತು. ನನಗೆ ಇದು ಹಿಡಿಸಲಿಲ್ಲ. ಆಲ್ಬಂ ಡಬ್ಬದ ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ‘ದಾಳ ನಿಂತ ಮೇಲೆ ಮಾತು’ ಅಂತ ಬರೆದು ಗೋಡೆಗೆ ಅಂಟಿಸಿದೆ. ಸ್ವಾಮಣ್ಣ ಮೂರು ಸಲ ಓದಿಕೊಂಡು, ಆಯ್ತು ಮೇಡಂ ಅಂದರು. ಅಲ್ಲಿಂದ ಮುಂದೆ ಅದು ನಮ್ಮ ಕಾನೂನಾಯಿತು. ಐದನೆಯ ಮಡುವಿನಲ್ಲಿ ಕಳ್ಳ ಕಾಲು ಜಾರಿ ಬಿದ್ದಾಗ ಕೆಂಚರಾಯ ಅವನನ್ನು ಎಳೆಯಲು ನೀರಿಗೆ ಇಳಿದ. ಮಾದೇಶ ದಾಳ ಹಾಕಿದ. ಅದು ಉರುಳುತ್ತಿತ್ತು. ಸ್ವಾಮಣ್ಣ ‘ಬೇರು ಒಂದು’ ಅಂತ ಬಾಯಿ ತೆರೆದರು, ನಾನು ಗೋಡೆಯ ರಟ್ಟು ತೋರಿಸಿದೆ. ದಾಳ ಒಂದಕ್ಕೆ ನಿಂತಿತು. ಅದಕ್ಕಿಂತ ಕೆಟ್ಟದ್ದು ಬೀಳುವುದಿಲ್ಲ. ಕೆಂಚರಾಯ ಮುಳುಗಿದ. ಮಾದೇಶ ಎದ್ದುಹೋಗಿ ಕಿಟಕಿಯ ಹತ್ತಿರ ಬೀದಿ ನೋಡುತ್ತಾ ತುಂಬಾ ಹೊತ್ತು ನಿಂತ. ಮುಂದಿನ ವಾರ ಅವನು ಬೇರೆ ಪಾತ್ರ ಹಿಡಿದ, ಆದರೆ ಮುಂಚಿನ ಉಮೇದು ಇರಲಿಲ್ಲ.

ಸಿನಿಮಾದ ಮಾತು ಎತ್ತಿದವನು ರಾಚಪ್ಪ. ಆಷಾಢ, ಮದುವೆಗಳಿಲ್ಲ. ಕಪಿಲೆ ಹೊಳೆ ಸ್ನಾನಘಟ್ಟದ ಮೇಲಿನ ಮೆಟ್ಟಿಲುಗಳ ತನಕ ಕೆಂಪಗೆ ಹರಿಯುತ್ತಿತ್ತು. ಅವನ ಹೊಸ ಕ್ಯಾಮೆರಾ ಸ್ಟುಡಿಯೋದಲ್ಲಿ ಸುಮ್ಮನೆ ಕೂತಿತ್ತು. ಏಳು ಮಡುವಿನ ಸೀಮೆಯನ್ನೇ ಪಿಚ್ಚರ್ ಮಾಡೋಣ, ಮುಕ್ಕಾಲು ಗಂಟೆಯದು, ಫೋನಿನಲ್ಲಿ ನೋಡುವವರು ನೋಡಲಿ ಅಂದ. ಸ್ವಾಮಣ್ಣನ ಮುಖ ಆವತ್ತು ನೋಡಬೇಕಿತ್ತು. ಅವರಿಗೆ ಮಕ್ಕಳಿರಲಿಲ್ಲ, ಅದನ್ನು ಅವರು ಕೊರತೆ ಅಂತ ಹೇಳಿಕೊಂಡದ್ದನ್ನು ನಾನು ಕೇಳಿರಲಿಲ್ಲ. ಆದರೆ ಆವತ್ತು, ನಾನು ಹೋದ ಮೇಲೂ ಇದು ಇರ್ತದಲ್ಲ ಅಂದರು. ತಮಾಷೆಯ ಮಾತಲ್ಲ ಅಂತ ನಮಗೆಲ್ಲ ಗೊತ್ತಾಯಿತು.

ಆಟವನ್ನು ಸಿನಿಮಾ ಮಾಡುವುದು ಎಷ್ಟು ಕಷ್ಟ ಅಂತ ಬರೆಯಲು ಕೂತಾಗ ತಿಳಿಯಿತು. ಆಟದಲ್ಲಿ ಮುಂದೇನು ಅಂತ ಯಾರಿಗೂ ಗೊತ್ತಿಲ್ಲ, ಅದೇ ಅದರ ರುಚಿ. ಸಿನಿಮಾಕ್ಕೆ ಎಲ್ಲ ಮೊದಲೇ ನಿಕ್ಕಿಯಾಗಬೇಕು. ನಮಗೆ ಯಾರಿಗೂ ಮಾತಾಡಿ ನಟಿಸಲು ಬರುತ್ತಿರಲಿಲ್ಲ. ಮಾದೇಶ ಡೈಲಾಗು ಹೇಳಿದರೆ ಸೊಸೈಟಿಯಲ್ಲಿ ಗೊಬ್ಬರ ಕೇಳಿದಂತೆ ಇರುತ್ತಿತ್ತು. ಅದಕ್ಕೆ ಪಾತ್ರಗಳು ಮಾತಾಡುವುದೇ ಬೇಡ, ಪೂರ್ತಿ ಚಿತ್ರಕ್ಕೆ ಸ್ವಾಮಣ್ಣನೇ ಕಥೆ ಹೇಳಲಿ, ಮೇಜಿನ ಮುಂದೆ ಹೇಳಿದ ಹಾಗೇ ಅಂತ ತೀರ್ಮಾನವಾಯಿತು. ಜಗಳ ಬಂದದ್ದು ಐದನೆಯ ಮಡುವಿಗೆ.

“ಆಟದಲ್ಲಿ ಸತ್ತ, ಪಿಚ್ಚರ್‌ನಲ್ಲಾದ್ರೂ ಬದುಕ್ಲಿ ಬುಡಿ ಮೇಡಂ” ಅಂದರು ಸ್ವಾಮಣ್ಣ. “ಯಾರ್ ಬಂದು ಅಳತೆ ಮಾಡ್ತಾರೆ?”

“ಬಿದ್ದದ್ದು ಒಂದು, ಸ್ವಾಮಣ್ಣ” ಅಂದೆ ನಾನು.

ಎರಡು ಭಾನುವಾರ ಇದೇ ಆಯಿತು. ಕೊನೆಗೆ ರಾಚಪ್ಪ ಬೇಸತ್ತು, ಕೆಂಚರಾಯ ನೀರಿನಲ್ಲಿ ಮುಳುಗುವ ತನಕ ತೆಗೆಯೋಣ, ಮೇಲೆ ನೀರು ಕೂಡಿಕೊಳ್ಳುವುದನ್ನು ತೋರಿಸಿ ಅಲ್ಲಿಗೆ ಪಿಚ್ಚರ್ ನಿಲ್ಲಿಸೋಣ, ಎದ್ದನೋ ಇಲ್ಲವೋ ದನಿ ಹಾಕುವಾಗ ನೋಡಿಕೊಳ್ಳಿ ಅಂದ. ಇಬ್ಬರೂ ಒಪ್ಪಿದೆವು.

ದನಿ ಯಾವಾಗ ಹಾಕುವುದು ಅನ್ನುವುದನ್ನು ಯಾರೂ ಚರ್ಚೆ ಮಾಡಲೇ ಇಲ್ಲ. ಕೊನೆಗೆ ಅಂತ ನಾನು ಅಂದುಕೊಂಡೆ. ಮೊದಲು ನಡೆಯಬೇಕಾದ್ದು ನಡೆಯಲಿ, ಆಮೇಲೆ ಸ್ವಾಮಣ್ಣ ಹೇಳಲಿ, ಅದು ನಮ್ಮ ಮೇಜಿನ ಕ್ರಮ. ರಾಚಪ್ಪನಿಗೂ ಅದೇ ಅಭ್ಯಾಸ. ಮದುವೆ ವಿಡಿಯೋದಲ್ಲಿ ಮಾತು ಯಾರಿಗೆ ಬೇಕು, ಇರುವ ಸದ್ದನ್ನೆಲ್ಲ ಅಳಿಸಿ ಕೊನೆಯಲ್ಲಿ ಹಾಡು ಹಾಕುವವನು ಅವನು. ಬೇರೆ ಯಾರಾದರೂ ಸಿನಿಮಾ ಮಾಡಿದ್ದರೆ ಒಂದು ಸಲವಾದರೂ ಅವರ ಕಥೆಯನ್ನು ಮೊದಲು ಹೇಳಿಸಿ ಇಟ್ಟುಕೊಳ್ಳುತ್ತಿದ್ದರೇನೋ. ನಾವು ಮಾಡಲಿಲ್ಲ.

ಶ್ರಾವಣದಿಂದ ಕಾರ್ತಿಕದ ತನಕ ಭಾನುವಾರಗಳು ಹೀಗೆ ಕಳೆದವು. ಮಾದೇಶನ ಬಾಳೆತೋಟ ನಮ್ಮ ಕಾಡು. ಹೆಡತಲೆ ಊರಿನ ಹೊರಗಿನ ಒಂದು ಪಾಳು ಮಂಟಪ ಮೊಸಳೆಯ ಮನೆ. ಸುಂಕದ ಮುದುಕಿ ಸ್ವಾಮಣ್ಣನ ಹೆಂಡತಿ ಶಿವಮ್ಮಣ್ಣಿಯವರು. ಒಲ್ಲೆ ಒಲ್ಲೆ ಅಂದವರು ದೋಣಿಯಲ್ಲಿ ಕೂತ ಮೇಲೆ ನಮ್ಮೆಲ್ಲರಿಗಿಂತ ಚೆನ್ನಾಗಿ ಮಾಡಿದರು. ನರಸೀಪುರದ ಸಂಗಮದ ದೋಣಿಯವನು ಇವರನ್ನು ಭಕ್ತರೆಂದು ತಿಳಿದು ಪುಣ್ಯಸ್ನಾನದ ಜಾಗಕ್ಕೆ ಒಯ್ದುಬಿಟ್ಟ. ಖಾದಿಯ ಕವಚ ಒಣಗಿದಾಗ ಟಣ್ ಅನ್ನುವ ಹಾಗೆ ನಿಲ್ಲುತ್ತಿತ್ತು, ಮಂಜು ಬಿದ್ದರೆ ಜೋತುಬೀಳುತ್ತಿತ್ತು. ಬೆಳಿಗ್ಗೆ ವೀರನಾಗಿದ್ದ ಮಾದೇಶ ಹತ್ತು ಗಂಟೆಗೆ ಒದ್ದೆ ಪಂಚೆ ಹೊದ್ದವನಂತೆ ಕಾಣುತ್ತಿದ್ದ. ಅಷ್ಟು ನಕ್ಕ ದಿನಗಳು ನನ್ನ ಜೀವನದಲ್ಲಿ ಹೆಚ್ಚಿಲ್ಲ.

ನನಗೆ ತಲೆನೋವಾಗಿದ್ದು ಒಂದೇ. ಸ್ವಾಮಣ್ಣನಿಗೆ ನೋಡುತ್ತಾ ಸುಮ್ಮನೆ ನಿಲ್ಲಲು ಬರುತ್ತಿರಲಿಲ್ಲ. ಕ್ಯಾಮೆರಾ ಓಡುತ್ತಿರುವಾಗಲೇ ಅವರು ಕಥೆ ಹೇಳಲು ಶುರು ಮಾಡುತ್ತಿದ್ದರು. ಅವರು ಶುರು ಮಾಡಿದರೆ ಸಾಕು, ಮಾದೇಶ ಯುದ್ಧ ಬಿಟ್ಟು ಅವರ ಕಡೆ ತಿರುಗಿಬಿಡುತ್ತಿದ್ದ. ವರ್ಷಗಟ್ಟಲೆ ಮೇಜಿನ ಮುಂದೆ ಕೂತ ಅಭ್ಯಾಸ. ಶಾಟು ಹಾಳು. ಅದಕ್ಕೆ ನಾನು ಕ್ಯಾಮೆರಾದ ಪಕ್ಕದಲ್ಲೇ ನಿಂತು, ಅವರ ಬಾಯಿ ಅಲ್ಲಾಡಿದೊಡನೆ ‘ಸುಮ್ನಿರಿ ಸ್ವಾಮಣ್ಣ’ ಅನ್ನುವ ಕೆಲಸ ವಹಿಸಿಕೊಂಡೆ. ಹೊಲದಲ್ಲಿ ಚೈನಿನ ಆ ತುದಿಯವನಿಗೆ ಕೂಗಿ ಕೂಗಿ ಪಳಗಿದ ಗಂಟಲು ನನ್ನದು. ಅವರು ತಪ್ಪು ಮಾಡಿದವರಂತೆ ಕೈಯೆತ್ತಿ ಸುಮ್ಮನಾಗುತ್ತಿದ್ದರು.

ದಸರೆ ಕಳೆದ ಮೇಲೆ ಅವರ ದನಿ ಕಟ್ಟಿತು. ಬಸ್ ನಿಲ್ದಾಣದ ಧೂಳು ಅಂದರು, ನಾವೂ ಧೂಳೇ ಅಂದೆವು. ಶಿವಮ್ಮಣ್ಣಿಯವರು ಕಷಾಯ ಕುಡಿಸಿದರು. ಕಾರ್ತಿಕದ ಒಂದು ಭಾನುವಾರ ಐದನೆಯ ಮಡುವಿನ ಶಾಟು ಇಟ್ಟುಕೊಂಡೆವು, ನಂಜನಗೂಡಿನಿಂದ ಸ್ವಲ್ಪ ಕೆಳಗೆ, ಕಪಿಲೆಯ ನೀರು ಇಳಿದು ತಿಳಿಯಾಗಿದ್ದ ಕಡೆ. ಬೆಳಿಗ್ಗೆ ಎಲ್ಲರೂ ಸಾಮಾನು ಇಳಿಸುತ್ತಿದ್ದಾಗ ಸ್ವಾಮಣ್ಣ ನನ್ನನ್ನು ಪಕ್ಕಕ್ಕೆ ಕರೆದರು. ಟವೆಲ್ಲನ್ನು ಕುತ್ತಿಗೆಗೆ ಸುತ್ತಿಕೊಂಡಿದ್ದರು.

“ಮೇಡಂ, ಕಥೆ ಪೂರ್ತಿ ಇವತ್ತೇ ಒಂದ್ಸಲ ಹೇಳ್ಬುಡ್ತೀನಿ. ನಿಮ್ ಫೋನ್‌ನಾಗೆ ರೆಕಾರ್ಡ್ ಮಾಡ್ಕಳಿ. ಗಂಟ್ಲು ಯಾಕೋ ಸರಿಯಿಲ್ಲ.”

ನಾನು ಶಾಟಿನ ಪಟ್ಟಿ ನೋಡುತ್ತಿದ್ದೆ. “ಪಿಚ್ಚರ್ ಮುಗೀಲಿ ಸ್ವಾಮಣ್ಣ. ಅಷ್ಟೊತ್ತಿಗೆ ಗಂಟ್ಲೂ ಸರಿಹೋಗಿರುತ್ತೆ. ಈ ಒಡಕು ದನೀಲಿ ಹೇಳಿದ್ರೆ ಮತ್ತೆ ಹೇಳ್ಬೇಕಾಗುತ್ತೆ.”

ಅವರು ಇನ್ನೊಂದು ಸಲ ಕೇಳಲಿಲ್ಲ. ಆಯ್ತು ಮೇಡಂ ಅಂದು ದಡದ ಮೇಲೆ ಹೋಗಿ ಕೂತರು. ಅವರು ಇನ್ನೊಂದು ಸಲ ಕೇಳಿದ್ದರೆ ನಾನು ಒಪ್ಪುತ್ತಿದ್ದೆನೇ ಅಂತ ನನ್ನನ್ನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಒಪ್ಪುತ್ತಿರಲಿಲ್ಲ ಅಂತಲೇ ಅನ್ನಿಸುತ್ತದೆ. ಇದನ್ನು ಬರೆಯುವಾಗ ನನ್ನ ಮೇಲೆ ನನಗೆ ಬರುವ ಕೋಪವನ್ನು ಎಲ್ಲಿ ಇಡಬೇಕೋ ತಿಳಿಯುವುದಿಲ್ಲ.

ಮಾದೇಶ ಕವಚ ತೊಟ್ಟು ಎದೆಮಟ್ಟದ ನೀರಿಗೆ ಇಳಿದ. ಗಂಜಿ ಕರಗಿ ಅವನ ಸುತ್ತ ಬೆಳ್ಳಗೆ ಹರಡಿತು. ಎಲ್ಲಿದ್ದವೋ, ಮೀನುಗಳು ಗುಂಪುಗುಂಪಾಗಿ ಬಂದು ಗಂಜಿಗೆ ಮುತ್ತಿಕೊಂಡವು. ಸುತ್ತ ನೀರು ಮಿಂಚುತ್ತಿತ್ತು. ನಾವು ಯೋಚಿಸಿ ಮಾಡಿದ್ದರೂ ಅಂಥದು ಬರುತ್ತಿರಲಿಲ್ಲ. ಮಾದೇಶ ಕಚಗುಳಿಯನ್ನು ತಡೆದುಕೊಂಡು ನಿಧಾನವಾಗಿ ಮುಳುಗಿದ. ದಡದಿಂದ ಸ್ವಾಮಣ್ಣ ಏನೋ ಹೇಳಲು ಶುರು ಮಾಡಿದರು. ನಾನು ಗದರಿದೆ. ನೀರು ಕೂಡಿಕೊಂಡಿತು. ರಾಚಪ್ಪ ಸಿಕ್ತು ಸಿಕ್ತು ಅಂತ ಕುಣಿದ. ಒಂದೇ ಟೇಕಿನಲ್ಲಿ ಆಯಿತು ಅಂತ ನನಗೂ ಹೆಮ್ಮೆ.

ಆಮೇಲೆ ಲಗ್ನಗಳು ಬಂದವು, ರಾಚಪ್ಪ ಕೈಗೆ ಸಿಗಲಿಲ್ಲ. ಮೂರು ವಾರ ಯಾರೂ ಸೇರಲಿಲ್ಲ. ನನಗೂ ಹಳ್ಳಿಗಳಲ್ಲಿ ಅಳತೆ ಇತ್ತು, ಹೊಲದಿಂದಲೇ ಮನೆಗೆ ಹೋಗುತ್ತಿದ್ದೆ. ಒಂದು ಸಂಜೆ ನರಸೀಪುರದ ನಿಲ್ದಾಣದಲ್ಲಿ ಬಸ್ಸಿಗೆ ನಿಂತಿದ್ದೆ. ಮೈಕು ಸದ್ದು ಮಾಡಲಿಲ್ಲ. ಕಂಟ್ರೋಲರ್ ಕುರ್ಚಿಯಲ್ಲಿ ಬೇರೆ ಯಾರೋ ಕೂತು ಬರೀ ಸೀಟಿ ಊದುತ್ತಿದ್ದ. ಯಾವ ಬಸ್ಸು ಅಂತ ಜನ ಓಡಿಹೋಗಿ ಬೋರ್ಡು ನೋಡಿಕೊಳ್ಳುತ್ತಿದ್ದರು. ವಿಚಾರಿಸಿದೆ. ಸ್ವಾಮಣ್ಣನ್ನ ಮೈಸೂರಿಗೆ ಸೇರಿಸವ್ರೆ, ಗಂಟ್ಲು ಆಪರೇಷನ್ ಆಯ್ತಂತೆ ಅಂದ. ನನ್ನ ಬಸ್ಸು ಬಂತು. ನಾನು ಹತ್ತಲಿಲ್ಲ, ಮೈಸೂರಿನ ಬಸ್ಸು ಹತ್ತಿದೆ.

ಅವರ ಕತ್ತಿನಲ್ಲಿ ತೂತು ಇಟ್ಟಿದ್ದರು, ಉಸಿರಾಡಲು. ದನಿಪೆಟ್ಟಿಗೆಯನ್ನೇ ತೆಗೆದುಬಿಟ್ಟಿದ್ದರು. ಬೇರೆ ದಾರಿ ಇರಲಿಲ್ಲವಂತೆ. ನನ್ನನ್ನು ಕಂಡು ಕಣ್ಣು ಅರಳಿಸಿ ಬಾಯಿ ತೆರೆದರು, ಆಮೇಲೆ ನೆನಪಾದವರಂತೆ ಮುಚ್ಚಿಕೊಂಡರು. ಹೊರಗೆ ಕಾರಿಡಾರಿನಲ್ಲಿ ಶಿವಮ್ಮಣ್ಣಿಯವರು ಎಲ್ಲ ಹೇಳಿದರು. ಡಾಕ್ಟರು ಗಂಟು ಇದೆ, ಪೆಟ್ಟಿಗೆ ತೆಗೆಯಬೇಕು ಅಂದದ್ದು ಕಾರ್ತಿಕದ ಒಂದು ಶುಕ್ರವಾರ. ಭಾನುವಾರ 'ಒಳೆ ತಾವ ಪಿಚ್ಚರ್ ಐತೆ, ಯಾರ್ಗೂ ಯೋಳ್ಬ್ಯಾಡ, ಕೆಲಸ ಕೆಡ್ತದೆ' ಅಂದು ಹೋದರಂತೆ. ಅವರು ನನ್ನನ್ನು ಕೇಳುವಾಗ ಎಲ್ಲ ಗೊತ್ತಿದ್ದೇ ಕೇಳಿದ್ದರು. ಅದನ್ನು ನಾನು ಶಿವಮ್ಮಣ್ಣಿಯವರಿಗೆ ಆವತ್ತು ಹೇಳಲಿಲ್ಲ.

ಶಿವರಾತ್ರಿಯ ಹೊತ್ತಿಗೆ ಪಿಚ್ಚರ್ ಜೋಡಣೆ ಮುಗಿಯಿತು. ರಾಚಪ್ಪ ಅದನ್ನು ಸ್ವಾಮಣ್ಣನ ಮನೆಯ ಟಿವಿಗೆ ಹಾಕಿದ. ನಲವತ್ತೈದು ನಿಮಿಷ, ಯಾವ ಸದ್ದೂ ಇಲ್ಲ. ಮುದುಕಿ ದೋಣಿ ತಳ್ಳುತ್ತಾಳೆ, ಯಾಕೆ ಅಂತ ತಿಳಿಯುವುದಿಲ್ಲ. ಮಾದೇಶ ಬಾಳೆತೋಟದಲ್ಲಿ ಏದುಸಿರು ಬಿಡುತ್ತಾ ಓಡುತ್ತಾನೆ, ಯಾರಿಂದ ಅಂತ ತಿಳಿಯುವುದಿಲ್ಲ. ಗೊತ್ತಿದ್ದ ನಮಗೇ ಅದು ಹುಚ್ಚರ ಸಂತೆಯಂತೆ ಕಂಡಿತು. ಮೊದಲು ಸ್ವಾಮಣ್ಣ ಟಿವಿಯ ಮುಂದೆ ಕೂತು ತುಟಿ ಅಲ್ಲಾಡಿಸುತ್ತಾ ಪೂರ್ತಿ ಕಥೆ ಹೇಳಲು ಹೋದರು. ನಾವು ಅವರ ಕಡೆಯೇ ತಿರುಗಿ ಕೂತೆವು. ಕತ್ತಿನ ತೂತಿನಿಂದ ಬರೀ ಗಾಳಿ ಬರುತ್ತಿತ್ತು. ಎರಡನೆಯ ಮಡುವಿನ ತನಕ ಹೇಳಿದರು, ಆಮೇಲೆ ನಿಲ್ಲಿಸಿ ಟವೆಲ್ ಸರಿಮಾಡಿಕೊಂಡು ಪಕ್ಕಕ್ಕೆ ನೋಡುತ್ತಾ ಕೂತರು. ಮಾದೇಶ ಎದ್ದು ಹಿತ್ತಲಿಗೆ ಹೋದ.

ಬರೆದುಕೊಡಿ, ನಾನು ಓದುತ್ತೇನೆ ಅಂದೆ. ಬರೆದರು. ಮೂವತ್ತು ವರ್ಷ ಬಸ್ಸಿನ ರಿಜಿಸ್ಟರು ಬರೆದ ಕೈ ಅದು. ‘ದೋಣಿ ಬಂತು. ಮುದುಕಿ ನೆನಪು ಕೇಳಿದಳು. ಕೊಡಲಾಯಿತು. ದೋಣಿ ಹೊರಟಿತು.’ ಅಷ್ಟೇ. ಇಷ್ಟು ಹೊತ್ತಿಗೆ ಬಂತು, ಇಷ್ಟು ಹೊತ್ತಿಗೆ ಹೊರಟಿತು. ಅವರಿಗೇ ಅದನ್ನು ನೋಡಿ ನಗು ಬಂತು, ನಗುವಿಗೂ ಸದ್ದಿಲ್ಲ. ನಾನು ಓದಿ ರೆಕಾರ್ಡ್ ಮಾಡಿದೆ, ಮಹಜರು ಓದಿದ ಹಾಗಿತ್ತು. ರಾಚಪ್ಪ ಅದನ್ನು ಅಳಿಸಿಬಿಟ್ಟ.

ಮೈಸೂರಿನಲ್ಲಿ ಒಬ್ಬರು ಕಂಪ್ಯೂಟರಿನಲ್ಲಿ ದನಿ ತಯಾರು ಮಾಡುತ್ತಾರೆ, ಹಳೆಯ ದನಿ ಒಂದೆರಡು ನಿಮಿಷ ಸಿಕ್ಕರೆ ಸಾಕು, ಅವರೇ ಮಾತಾಡಿದಂತೆ ಮಾಡಿಕೊಡುತ್ತಾರೆ ಅಂತ ರಾಚಪ್ಪ ವಿಚಾರಿಸಿಕೊಂಡು ಬಂದ. ನಮಗೆ ಜೀವ ಬಂದಂತಾಯಿತು. ಆದರೆ ಆ ಎರಡು ನಿಮಿಷ ಎಲ್ಲಿದೆ? ಬಸ್ ನಿಲ್ದಾಣದ ಮೈಕು ಗಾಳಿಗೆ ಮಾತಾಡಿ ಮುಗಿಸುತ್ತಿತ್ತು. ಫೋನಿನಲ್ಲಿ ಅವರು ಯಾರಿಗೂ ದನಿ ಕಳಿಸಿದವರಲ್ಲ, ಎದುರಿಗೆ ಮುಖ ಇಲ್ಲದಿದ್ದರೆ ಅವರಿಗೆ ಮಾತು ಬರುತ್ತಿರಲಿಲ್ಲ. ಅವರು ಕಾಣಿಸಿಕೊಂಡ ಮದುವೆ ವಿಡಿಯೋಗಳಲ್ಲೆಲ್ಲ ರಾಚಪ್ಪನೇ ಹಾಡು ಹಾಕಿದ್ದ. ಉಳಿದದ್ದು ನಮ್ಮ ಶೂಟಿಂಗಿನ ಕ್ಲಿಪ್ಪುಗಳು. ಕ್ಯಾಮೆರಾದ ಮೈಕು ತನ್ನ ಪಾಡಿಗೆ ತಾನು ಎಲ್ಲವನ್ನೂ ಹಿಡಿದಿತ್ತು, ರಾಚಪ್ಪ ಪುಣ್ಯಕ್ಕೆ ಅಸಲನ್ನು ಇಟ್ಟುಕೊಂಡಿದ್ದ.

ಬೇಸಿಗೆಯಲ್ಲಿ ರಜೆ ಹಾಕಿ, ಸ್ಟುಡಿಯೋದಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತೆ. ಅಳತೆ ಪುಸ್ತಕದಲ್ಲಿ ಗೆರೆ ಎಳೆದು ಕ್ಲಿಪ್ಪಿನ ನಂಬರು, ಎಷ್ಟನೆಯ ಸೆಕೆಂಡು, ಏನು ಕೇಳುತ್ತದೆ ಅಂತ ಒಂದೊಂದನ್ನೂ ಬರೆದೆ. ಗಾಳಿ, ಬಾಳೆ ಎಲೆ, ಮಾದೇಶನ ಕೆಮ್ಮು. ಅಲ್ಲಲ್ಲಿ ಸ್ವಾಮಣ್ಣ ಉಸಿರು ತೆಗೆದುಕೊಳ್ಳುವುದು ಕೇಳುತ್ತದೆ, ಒಂದು ಅಕ್ಷರ ಬರುತ್ತದೆ, ಅದರ ಮೇಲೆ ನನ್ನ ದನಿ ಬಂದು ಕೂರುತ್ತದೆ. ‘ಸುಮ್ನಿರಿ ಸ್ವಾಮಣ್ಣ.’ ಮುಂದಿನ ಕ್ಲಿಪ್ಪು. ‘ಸುಮ್ನಿರಿ ಸ್ವಾಮಣ್ಣ.’ ಒಂಬತ್ತು ದಿನ ಕೂತು ಕೇಳಿದೆ. ಎಲ್ಲದಕ್ಕಿಂತ ಉದ್ದದ್ದು ಐದನೆಯ ಮಡುವಿನದು. ಮಾದೇಶ ಮುಳುಗುತ್ತಾನೆ, ನೀರಿನ ಸದ್ದು, ದಡದಿಂದ ಕಟ್ಟಿದ ಗಂಟಲಲ್ಲಿ ಸ್ವಾಮಣ್ಣ ‘ಆಗ ಏನಾಯ್ತಪ್ಪಾ ಅಂದ್ರೆ’ ಅನ್ನುತ್ತಾರೆ. ಅಂದ್ರೆ ಅನ್ನುವುದು ಮುಗಿಯುವುದರೊಳಗೆ ನಾನು ಗದರುತ್ತೇನೆ. ಅದು ಮೂರು ಸೆಕೆಂಡೂ ಇಲ್ಲ. ಮೈಸೂರಿನವರು ಕೇಳಿ, ಇದರಲ್ಲಿ ಮೇಡಂ ದನಿ ಬೇಕಾದರೆ ಮಾಡಿಕೊಡಬಹುದು, ಬೇಕಾದಷ್ಟಿದೆ ಅಂದರಂತೆ. ರಾಚಪ್ಪ ಇದನ್ನು ನನಗೆ ಹೇಳಬಾರದಿತ್ತು, ಆದರೆ ಹೇಳಿದ.

ಮುಂದಿನ ಮಳೆಗಾಲಕ್ಕೆ ಗಂಟು ಮತ್ತೆ ಬಂತು, ಈ ಸಲ ಬೇರೆ ಕಡೆ. ಕಪಿಲೆ ತುಂಬಿದ ವಾರ ಸ್ವಾಮಣ್ಣ ಹೋದರು. ಮಾದೇಶ ಊರಿಂದ ಬಾಳೆಕಂಬ ತಂದು ಚಪ್ಪರಕ್ಕೆ ಕಟ್ಟಿದ, ಅದಾದ ಮೇಲೆ ಅವನು ಸ್ಟುಡಿಯೋಗೆ ಕಾಲಿಡಲಿಲ್ಲ. ರಾಚಪ್ಪ ಮಹಡಿಯನ್ನು ಬಾಡಿಗೆಗೆ ಕೊಟ್ಟ. ಪಿಚ್ಚರ್ ಒಂದು ಡ್ರೈವಿನಲ್ಲಿ ಇದೆ, ಯಾರೂ ನೋಡಿಲ್ಲ.

ಸ್ವಾಮಣ್ಣನ ಶಿವಗಣಾರಾಧನೆ ಕಳೆದು ಒಂದು ವಾರಕ್ಕೆ ಶಿವಮ್ಮಣ್ಣಿಯವರು ಫೋನು ಮಾಡಿ ಮನೆಗೆ ಕರೆದರು. ಹೋದೆ. ಕಾಫಿ ಕೊಟ್ಟು, ಎದುರಿಗೆ ಚಾಪೆಯ ಮೇಲೆ ಕೂತರು.

“ನಿಮ್ ಪಿಚ್ಚರ್‌ನಾಗೆ ಅವರ್ ಮಾತು ಏನಾರ ಉಳ್ಕಂಡದಾ ಸುಮಿತ್ರಮ್ಮ? ಒಂದ್ ಮಾತಾದ್ರೂ ಸಾಕು.”

ಆಗ ಎಲ್ಲವನ್ನೂ ಹೇಳಿದೆ. ಆ ಭಾನುವಾರ ಅವರು ಕೇಳಿದ್ದು, ನಾನು ಬೇಡ ಅಂದದ್ದು, ಒಂಬತ್ತು ದಿನ ಹುಡುಕಿದ್ದು, ಸಿಕ್ಕಿದ್ದು. ನನ್ನ ಗದರಿಕೆಯನ್ನು ಕತ್ತರಿಸಿ ಕೊಡು ಅಂತ ರಾಚಪ್ಪನಿಗೆ ಕೈಮುಗಿದಿದ್ದೆ, ಎರಡು ದನಿಯೂ ಒಂದರ ಮೇಲೊಂದು ಕೂತಿವೆ, ನಿಮ್ಮದನ್ನು ತೆಗೆದರೆ ಅವರದೂ ಹೋಗುತ್ತದೆ ಅಂದಿದ್ದ, ಅದನ್ನೂ ಹೇಳಿದೆ. ಶಿವಮ್ಮಣ್ಣಿಯವರು ತಮ್ಮ ಫೋನು ಮುಂದೆ ಹಿಡಿದರು. ಕ್ಲಿಪ್ಪನ್ನು ಅದಕ್ಕೆ ಕಳಿಸಿದೆ. ಅವರು ಕಿವಿಗೆ ಇಟ್ಟುಕೊಂಡು ಕೇಳಿದರು. ಎರಡು ಸಲ, ಮೂರು ಸಲ.

“ಇರ್ಲಿ ಬುಡಿ” ಅಂದರು ಆಮೇಲೆ. “ಸುಮ್ಕಿರಿ ಅಂತ ನಾನೂ ಏಸೋ ಸಲ ಅಂದಿವ್ನಿ.”

ನನಗೆ ಅಳು ಬಂತು. ಅವರು ಅಳಲಿಲ್ಲ.

“ಅಂದ್ರೆ ಅಂತ ನಿಲ್ಲಿಸ್ಬುಟ್ಟವ್ರೆ. ಆಮೇಲೆ ಆ ವೀರ ಏನಾದ? ನೀರಿಂದ ಎದ್ದು ಬಂದ್ನಾ?”

“ಬಂದ ಅಕ್ಕ” ಅಂದೆ. “ಬೇರು ಒಂದು ಕೈಗೆ ಸಿಕ್ತು.” ಇಪ್ಪತ್ತು ವರ್ಷದಲ್ಲಿ ನಾನು ಗಡಿಕಲ್ಲು ಸರಿಸಿದ್ದು ಅದೊಂದೇ ಸಲ.

ಶಿವಮ್ಮಣ್ಣಿಯವರು ತಲೆ ಅಲ್ಲಾಡಿಸಿದರು. “ಇಲ್ಲ ಕನ ಸುಮಿತ್ರಮ್ಮ. ನಿಮ್ ಬಾಯಿಂದ್ಲೂ ಕೇಳನ ಅಂತಿದ್ದೆ. ಆಸ್ಪತ್ರೇಲಿ ನಾನು ಅವರ್ನೇ ಕೇಳಿದ್ದೆ. ಹಿಂಗೆ ಮಾಡಿ ತೋರುಸುದ್ರು.” ಅಂಗೈಯನ್ನು ಕೆಳಮುಖ ಮಾಡಿ ನಿಧಾನವಾಗಿ ತೊಡೆಯ ತನಕ ಇಳಿಸಿದರು. “ಆಗ ನೀವು ಬಾಗ್ಲಲ್ಲಿ ಹಣ್ಣು ಹಿಡ್ಕಂಡು ನಿಂತಿದ್ರಿ. ಮೇಡಂ ಹೇಳ್ದಂಗೇ ಆಗ್ಲಿ ಅನ್ನಂಗೆ ನಿಮ್ ಕಡೆ ಬೆರಳು ಮಾಡುದ್ರು.”

ಹೇಳಿ ಫೋನನ್ನು ಮತ್ತೆ ಕಿವಿಗೆ ಇಟ್ಟುಕೊಂಡರು. ಸ್ವಾಮಣ್ಣನ ಕಟ್ಟಿದ ಗಂಟಲು ಅವರ ಕಿವಿ ದಾಟಿ ಹೊರಗೆ ಬರುತ್ತಿರಲಿಲ್ಲ. ಎದುರಿಗೆ ಕೂತಿದ್ದ ನನಗೆ ಕೇಳಿಸಿದ್ದು ನನ್ನ ದನಿ ಮಾತ್ರ.